ಅರೆಕಾಲು ಪೈಸೆಯ ಆನೆ

ಟಿಪ್ಪು ಸುಲ್ತಾನನ ಕಾಲದ ತಾಮ್ರದ ಕಾಸುಗಳಲ್ಲಿ ಐದು ಅಳತೆಗಳಿವೆ. ಎಲ್ಲಕ್ಕಿಂತ ದೊಡ್ಡದು ಜೋಡಿ ಪೈಸೆ. ಸುಮಾರು 22 ಗ್ರಾಂ ತೂಗುತ್ತದೆ, ಅಂಗೈಯಲ್ಲಿಟ್ಟುಕೊಂಡರೆ ಭಾರ ಗೊತ್ತಾಗುತ್ತದೆ. ಅದರ ಕೆಳಗೆ ಪೈಸೆ, ಅರ್ಧ ಪೈಸೆ, ಕಾಲು ಪೈಸೆ. ಕಟ್ಟಕಡೆಯದು ಅರೆಕಾಲು ಪೈಸೆ, ಅಂದರೆ ಪೈಸೆಯ ಎಂಟನೇ ಒಂದು ಪಾಲು. ತೂಕ ಒಂದೂವರೆ ಗ್ರಾಮಿಗೂ ಕಡಿಮೆ, ಅಗಲ ಕಿರುಬೆರಳಿನ ಉಗುರಿನಷ್ಟು. ಇಷ್ಟು ಚಿಕ್ಕ ಬಿಲ್ಲೆಯ ಮೇಲೂ ಒಂದು ಆನೆ ನಿಂತಿದೆ. ವರ್ಷಗಳಿಂದ ನಾನು ಬೆನ್ನು ಹತ್ತಿರುವುದು ಈ ಆನೆಯನ್ನು.

ನಾಣ್ಯ ಕೂಡಿಡುತ್ತೇನೆ ಎಂದ ಕೂಡಲೇ ಜನ ಕೇಳುವುದು, "ಚಿನ್ನದ್ದು ಇದೆಯಾ?" ಅಂತ. ಕೇಳುವುದು ಸಹಜವೇ. ಆದರೆ ಮೈಸೂರು ಸೀಮೆಯ ನಾಣ್ಯಗಳನ್ನು ಸ್ವಲ್ಪ ಕಾಲ ಹುಡುಕಿದವರಿಗೆ ಬೇಗ ತಿಳಿಯುವ ಸಂಗತಿಯೆಂದರೆ, ಚಿನ್ನ ಸಿಗುತ್ತದೆ. ರಣಧೀರ ಕಂಠೀರವ ನರಸರಾಜ ಒಡೆಯರು 1638ರಿಂದ 1659ರವರೆಗೆ ಆಳಿದವರು. ಅವರ ಹೆಸರಿನ ಕಂಠೀರವ ಹಣ ಅರ್ಧ ಗ್ರಾಮಿಗೂ ಕಡಿಮೆ ತೂಕದ ಚಿನ್ನದ ಚೂರು, ಮೇಲೆ ನರಸಿಂಹನ ರೂಪ. ಅಷ್ಟು ಚಿಕ್ಕದಾದರೂ ಇವತ್ತಿಗೂ ನಾಣ್ಯದ ವ್ಯಾಪಾರಿಗಳ ಹತ್ತಿರ ಹೋಗಿ ಕೇಳಿದರೆ ಒಂದಿಷ್ಟು ತೆಗೆದು ಮುಂದಿಡುತ್ತಾರೆ. ಚಿನ್ನವೆಂದಮೇಲೆ ಅದು ಕೆಳಗೆ ಬಿದ್ದರೆ ಮನೆಮಂದಿಯೆಲ್ಲ ದೀಪ ಹಿಡಿದು ಹುಡುಕಿರುತ್ತಾರೆ. ಗಡಿಗೆಯಲ್ಲಿ ಹೂತಿಟ್ಟಿರುತ್ತಾರೆ, ಮಗಳ ಮದುವೆಗೆಂದು ಗಂಟು ಕಟ್ಟಿಟ್ಟಿರುತ್ತಾರೆ. ಚಿನ್ನವನ್ನು ಕಾಯಲು ಪ್ರತಿ ತಲೆಮಾರಿನಲ್ಲೂ ಒಬ್ಬರಲ್ಲ ಒಬ್ಬರು ಇದ್ದೇ ಇದ್ದರು.

ಅರೆಕಾಲು ಪೈಸೆಯನ್ನು ಕಾಯುವವರು ಯಾರು? ಸಂತೆಯಲ್ಲಿ ಸೊಪ್ಪಿನ ಕಟ್ಟಿಗೋ ಎಲೆ ಅಡಿಕೆಗೋ ಕೊಟ್ಟು, ಅಲ್ಲಿಂದ ಇನ್ನೊಬ್ಬರ ಕೈಗೆ ಹೋಗಿ, ದಿನಕ್ಕೆ ಹತ್ತು ಕೈ ತಿರುಗುವ ಕಾಸು ಅದು. ತಿರುಗಿ ತಿರುಗಿ ಆನೆಯ ಬೆನ್ನು ಸವೆಯುತ್ತದೆ. ಮಣ್ಣಿಗೆ ಬಿದ್ದರೆ ಬಗ್ಗಿ ಹುಡುಕುವ ಹೊತ್ತೂ ದಂಡ. ಬಿದ್ದ ಮೇಲೆ ಮಣ್ಣು ತಿನ್ನುವುದೂ ಇದನ್ನೇ ಮೊದಲು. ದಪ್ಪ ಪೈಸೆಯ ಮೈಮೇಲೆ ಕಿಲುಬು ಪದರಗಟ್ಟಿ ನಿಂತರೂ ಒಳಗೆ ತಾಮ್ರ ಉಳಿದಿರುತ್ತದೆ. ತೆಳ್ಳಗಿನ ಅರೆಕಾಲು ಪೈಸೆಯಲ್ಲಿ ಕಿಲುಬು ಎರಡೂ ಕಡೆಯಿಂದ ಇಳಿದು ನಡುವೆ ಸೇರಿಬಿಡುತ್ತದೆ, ಕೈಯಲ್ಲಿ ಹಿಡಿದರೆ ಪುಡಿಯಾಗುತ್ತದೆ. ಮನೆಯಲ್ಲೇ ಉಳಿದ ಕಾಸುಗಳ ಗತಿ ಬೇರೆ. ಚಲಾವಣೆ ನಿಂತ ದಿನದಿಂದ ಅದು ಬರೀ ತಾಮ್ರ. ಒಂದು ಚೀಲ ಕಾಸು ಕಂಚುಗಾರರ ಕುಲುಮೆಗೆ ಹೋದರೆ ಒಂದು ಚೊಂಬಾಗಿ ವಾಪಸು ಬರುತ್ತದೆ. ನಮ್ಮ ಅಟ್ಟಗಳ ಮೇಲಿನ ಹಳೇ ತಾಮ್ರದ ಪಾತ್ರೆಗಳಲ್ಲಿ ಎಷ್ಟು ಆನೆಗಳು ಕರಗಿ ಕೂತಿವೆಯೋ ಅಂತ ನಾನು ಬಹಳ ಸಲ ಯೋಚಿಸಿದ್ದೇನೆ.

ಹೀಗಾಗಿ ಒಂದು ರಾಜ್ಯದ ಅತಿ ಅಗ್ಗದ ನಾಣ್ಯವೇ ಮುಂದೆ ಅತಿ ದುರ್ಲಭವಾಗುತ್ತದೆ, ಅದರಲ್ಲೂ ಓದಲು ಬರುವ ಸ್ಥಿತಿಯಲ್ಲಿ. ಇದು ನನ್ನ ಗಟ್ಟಿ ನಂಬಿಕೆ. ಸಂಗ್ರಹಕ್ಕೆ ಇಳಿಯುವವರಿಗೆ ನಾನು ಹೇಳುವುದೂ ಇಷ್ಟೇ, ಯಾವ ಆಳ್ವಿಕೆಯನ್ನೇ ಆರಿಸಿಕೊಳ್ಳಿ, ಕೆಳಗಿನ ತುದಿಯಿಂದ ಶುರುಮಾಡಿ.

ವಿಚಿತ್ರವೆಂದರೆ ದುರ್ಲಭವಾದ ಮಾತ್ರಕ್ಕೆ ಬೆಲೆ ಬರುವುದಿಲ್ಲ. ಟಿಪ್ಪುವಿನ ಆನೆ ಕಾಸಿಗೆ ಹೊರದೇಶಗಳಲ್ಲೂ ಬೇಡಿಕೆಯಿದೆ, ಹರಾಜುಗಳಲ್ಲಿ ಪೈಪೋಟಿ ನಡೆಯುತ್ತದೆ. ಆದರೆ ಎಲ್ಲರ ಕಣ್ಣೂ ಜೋಡಿ ಪೈಸೆಯ ಮೇಲೆ. ದೊಡ್ಡ ಆನೆ, ಜೊತೆಗೆ ಧ್ವಜ, ಗೋಡೆಗೆ ಚೌಕಟ್ಟು ಹಾಕಿಸಿ ತೂಗುಹಾಕಿದರೂ ಚೆಂದ. ಸಂಖ್ಯೆಯಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ ಸಿಗುವ ಚಿಕ್ಕ ಕಾಸು, ವ್ಯಾಪಾರಿಯ ಮೇಜಿನ ಮೂಲೆಯಲ್ಲಿ ಹಪ್ಪಳದ ಡಬ್ಬಿಯೊಳಗೆ, ಹರಿದ ತೂತು ಕಾಸು, ಮುರಿದ ಗುಂಡಿ, ಯಾವುದೋ ಪಾಳೆಯಗಾರರ ಗುರುತು ಸಿಗದ ಚೂರುಗಳ ಜೊತೆ ಬಿದ್ದಿರುತ್ತದೆ. ನನ್ನ ಮೊದಲ ಅರೆಕಾಲು ಪೈಸೆ ಸಿಕ್ಕಿದ್ದು ಅಂಥದೊಂದು ಡಬ್ಬಿಯಲ್ಲೇ. "ಅದನ್ನ ಯಾರೂ ಕೇಳಲ್ಲ ಸಾರ್, ಬೇಕಾದ್ರೆ ಆರಿಸ್ಕೊಳ್ಳಿ," ಅಂದರು ವ್ಯಾಪಾರಿ. ನಾನು ಕುರ್ಚಿ ಎಳೆದುಕೊಂಡು ಕೂತೆ. ಡಬ್ಬಿಯನ್ನು ಬಿಳಿ ಹಾಳೆಯ ಮೇಲೆ ಬೋರಲು ಹಾಕಿ, ಒಂದೊಂದನ್ನೇ ಬದಿಗೆ ಸರಿಸುತ್ತಾ ಹೋದೆ. ಮಧ್ಯಾಹ್ನವಿಡೀ ಹಿಡಿಯಿತು. ಅವರು ಊಟ ಮುಗಿಸಿ ಬಂದು, ನಾನಿನ್ನೂ ಅಲ್ಲೇ ಇರುವುದನ್ನು ಕಂಡು, ನನಗೂ ಒಂದು ಲೋಟ ಟೀ ತರಿಸಿದರು.

ಆ ಕಾಸನ್ನು ಹತ್ತಿರದಿಂದ ತೋರಿಸಬೇಕು. ಬಣ್ಣ ಕಾಫಿ ಬೀಜದ ಕಂದು, ಅಂಚಿನ ಒಂದು ಕಡೆ ಮಾತ್ರ ಹಸಿರು ಕಿಲುಬಿನ ಗೆರೆ. ಪೂರ್ತಿ ದುಂಡಗಿಲ್ಲ, ಮೇಲುಗಡೆ ಚಪ್ಪಟೆಯಾಗಿದೆ. ಭೂತಗನ್ನಡಿ ಹಿಡಿದರೆ ಮೊದಲು ಕಾಣುವುದು ಆನೆಯ ಹಿಂಗಾಲು, ನಂತರ ಹೊಟ್ಟೆಯ ಬಾಗು, ಇಳಿಬಿಟ್ಟ ಸೊಂಡಿಲು. ಕಿವಿ ಸವೆದು ಮಬ್ಬಾಗಿದೆ, ಬಾಲ ಮಾತ್ರ ಈಗ ಕೊರೆದಂತೆ ಚೂಪಾಗಿದೆ. ಕೆಳಗೆ ಎರಡು ಗೆರೆಗಳ ನಡುವೆ ಚುಕ್ಕೆಗಳ ಸಾಲು, ಆ ಸಾಲು ಪೂರ್ತಿ ಸುತ್ತು ಬರುವುದಿಲ್ಲ, ಮುಂಗಾಲಿನ ಹತ್ತಿರ ಬಿಲ್ಲೆಯೇ ಮುಗಿದುಹೋಗಿದೆ.

ಬಿಲ್ಲೆ ಮುಗಿದುಹೋಗುವುದಕ್ಕೆ ಕಾರಣವಿದೆ. ಆಗ ನಾಣ್ಯ ಮಾಡುತ್ತಿದ್ದುದು ಕೈಯಿಂದ. ಕೆಳಗಿನ ಅಚ್ಚನ್ನು ದಿಮ್ಮಿಗೆ ಹೂತು, ಅದರ ಮೇಲೆ ತೂಕಕ್ಕೆ ಕತ್ತರಿಸಿದ ತಾಮ್ರದ ಬಿಲ್ಲೆ ಇಟ್ಟು, ಮೇಲಿನ ಅಚ್ಚನ್ನು ಕೈಯಲ್ಲಿ ಹಿಡಿದು ಸುತ್ತಿಗೆಯಿಂದ ಒಂದು ಏಟು. ಅಚ್ಚು ಅಗಲ, ಬಿಲ್ಲೆ ಕಿರಿದು. ಅಚ್ಚಿನಲ್ಲಿದ್ದುದೆಲ್ಲ ಬಿಲ್ಲೆಯ ಮೇಲೆ ಬರಲು ಜಾಗವೇ ಇರುತ್ತಿರಲಿಲ್ಲ. ಒಂದು ಕಾಸಿನಲ್ಲಿ ಆನೆಯ ತಲೆ ಇದ್ದರೆ ಪಾದ ಇಲ್ಲ, ಇನ್ನೊಂದರಲ್ಲಿ ಊರಿನ ಹೆಸರಿನ ಬಾಲ ಇದ್ದರೆ ತಲೆ ಇಲ್ಲ. ಚಿಕ್ಕ ಕಾಸಿನಲ್ಲಂತೂ ಇದು ಇನ್ನೂ ಹೆಚ್ಚು. ಅದಕ್ಕೇ ಒಂದೇ ಬಗೆಯ ಹಲವು ಕಾಸುಗಳನ್ನು ಪಕ್ಕಪಕ್ಕ ಇಟ್ಟುಕೊಂಡು, ಇದರ ಎಡಭಾಗ ಅದರ ಬಲಭಾಗ ಸೇರಿಸಿ, ಮೂಲ ಅಚ್ಚಿನಲ್ಲಿ ಏನಿತ್ತೆಂದು ಹಾಳೆಯ ಮೇಲೆ ಬಿಡಿಸಿಕೊಳ್ಳಬೇಕು. ಹೊರಗಿನವರಿಗೆ ಒಂದೇ ಥರದ ಕಾಸನ್ನು ಮತ್ತೆ ಮತ್ತೆ ಕೊಳ್ಳುವ ಹುಚ್ಚು ಅನ್ನಿಸಬಹುದು. ಆದರೆ ಕೈಕೆತ್ತನೆಯ ಅಚ್ಚು ಬೇಗ ಸವೆದು ಹೊಸದು ಬರುತ್ತಿತ್ತು, ಪ್ರತಿ ಅಚ್ಚಿನ ಆನೆಯೂ ಬೇರೆ. ಕೆಲವು ಎಡಕ್ಕೆ ನಡೆಯುತ್ತವೆ, ಕೆಲವು ಬಲಕ್ಕೆ. ಕೆಲವು ಕೆತ್ತನೆಗಾರರಿಗೆ ಆನೆಯ ಮೊಣಕಾಲು ಹೇಗೆ ಮಡಚುತ್ತದೆಂದು ಚೆನ್ನಾಗಿ ಗೊತ್ತಿತ್ತು. ಇನ್ನು ಕೆಲವರ ಆನೆ ಹಂದಿಯ ಹಾಗೆ ದುಂಡಗೆ ನಿಂತಿರುತ್ತದೆ. ಹೆಸರೇ ಉಳಿಯದ ಆ ಕೈಗಳ ಗುರುತು ಸಿಗುವುದು ಇಲ್ಲೇ.

ಕಾಸಿನ ಮೇಲಿನ ಬರಹವನ್ನು ಓದಲು ನನಗೆ ಕಲಿಸಿದವರು ನಿವೃತ್ತರಾದ ಒಬ್ಬ ಮೇಷ್ಟ್ರು. ಪರ್ಶಿಯನ್ ಲಿಪಿ ಅಂದರೆ ಹೆದರಿಕೊಂಡಿದ್ದ ನನಗೆ ಅವರು ಮೊದಲು ಹತ್ತು ಅಂಕಿಗಳನ್ನು ಬರೆದುಕೊಟ್ಟರು. "ಇಷ್ಟು ಕಲಿತ್ಕೊಂಡು ಬಾಪ್ಪ, ಆಮೇಲೆ ಮಿಕ್ಕಿದ್ದು," ಅಂದರು. ಅಂಕಿ ಬಂದರೆ ಅರ್ಧ ಕೆಲಸ ಆದಂತೆಯೇ. ಟಿಪ್ಪು ಪಟ್ಟಕ್ಕೆ ಬಂದದ್ದು 1782ರಲ್ಲಿ. ಮೊದಲ ಕೆಲವು ವರ್ಷ ಕಾಸಿನ ಮೇಲೆ ಹಿಜರಿ ವರ್ಷ ಹಾಕುತ್ತಿದ್ದರು. 1787ರಿಂದ ಅವನು ಪ್ರವಾದಿ ಮುಹಮ್ಮದರ ಹುಟ್ಟಿನಿಂದ ಎಣಿಸುವ, ತನ್ನದೇ ಆದ ಮೌಲೂದಿ ಲೆಕ್ಕ ತಂದ. ಅದರಲ್ಲಿ ಆ ವರ್ಷ 1215. ಜೊತೆಗೆ ಇನ್ನೊಂದು ಬದಲಾವಣೆ ಮಾಡಿದ. ಪರ್ಶಿಯನ್ ಬರಹ ಬಲದಿಂದ ಎಡಕ್ಕೆ ಹೋದರೂ ಅಂಕಿಗಳನ್ನು ಮಾತ್ರ ನಮ್ಮ ಹಾಗೆ ಎಡದಿಂದ ಬಲಕ್ಕೇ ಬರೆಯುವುದು ರೂಢಿ. ಟಿಪ್ಪು ಅಂಕಿಗಳನ್ನೂ ಬಲದಿಂದ ಎಡಕ್ಕೆ ಬರೆಸಿದ. ಹಾಗಾಗಿ ಎಡದಿಂದ ಓದಿದರೆ 8121 ಎಂದು ಕಾಣುವುದು ನಿಜವಾಗಿ 1218, ನಮ್ಮ ಲೆಕ್ಕದಲ್ಲಿ 1790–91. ಇಸವಿ ಪೂರ್ತಿ ಬಿದ್ದಿಲ್ಲದ ಕಾಸಿನಲ್ಲಿ ಒಂದೇ ಒಂದು ಅಂಕಿ ಉಳಿದಿದ್ದರೆ, ಅದು ಯಾವ ತುದಿಯಲ್ಲಿದೆ ಅನ್ನುವುದರಿಂದಲೇ ಎಷ್ಟೋ ಗೊತ್ತಾಗುತ್ತದೆ.

ಹೆಸರುಗಳ ಮಾತಿಗೆ ಬಂದರೆ ಈ ಕಾಸುಗಳ ಸೊಗಸೇ ಬೇರೆ. ಟಿಪ್ಪು ತನ್ನ ನಾಣ್ಯಗಳ ಮೇಲೆ ತನ್ನ ಹೆಸರನ್ನು ಹಾಕಿಸಲಿಲ್ಲ. ಚಿನ್ನ ಬೆಳ್ಳಿಯ ನಾಣ್ಯಗಳಿಗೆ ಧರ್ಮದ ಹಿರಿಯರ ಹೆಸರುಗಳು: ಅಹ್ಮದಿ, ಸಿದ್ದೀಕಿ, ಇಮಾಮಿ, ಹೀಗೆ. ತಾಮ್ರದ ಕಾಸುಗಳಿಗೆ ಮಾತ್ರ ಆಕಾಶ. ಜೋಡಿ ಪೈಸೆಗೆ ಮೊದಲು ಉಸ್ಮಾನಿ ಎಂದು ಧರ್ಮದ ಹಿರಿಯರ ಹೆಸರೇ ಇದ್ದು, ಆಮೇಲೆ ಮುಷ್ತರಿ, ಅಂದರೆ ಗುರು ಗ್ರಹ. ಪೈಸೆ ಜೊಹ್ರಾ, ಶುಕ್ರ. ಅರ್ಧ ಪೈಸೆ ಬಹ್ರಾಮ್, ಮಂಗಳ. ಕಾಲು ಪೈಸೆ ಅಖ್ತರ್, ತಾರೆ. ನನ್ನ ಅರೆಕಾಲು ಪೈಸೆ ಕುತ್ಬ್, ಧ್ರುವ ನಕ್ಷತ್ರ. ಸಂತೆಯ ಅತಿ ಚಿಲ್ಲರೆ ಕಾಸಿಗೆ ಧ್ರುವನ ಹೆಸರನ್ನಿಟ್ಟ ಆಡಳಿತ ಇನ್ನೆಲ್ಲಾದರೂ ಇತ್ತೋ ಏನೋ. ಅದನ್ನು ಕೈಯಲ್ಲಿ ಹಿಡಿದಾಗಲೆಲ್ಲ ನನಗೆ ಖುಷಿಯಾಗುತ್ತದೆ, ಎಷ್ಟು ಸಲ ಹಿಡಿದರೂ.

ಇನ್ನು ಟಂಕಸಾಲೆಗಳು. ಕಾಸಿನ ಹಿಂಭಾಗದಲ್ಲಿ ಅಚ್ಚೊತ್ತಿದ ಊರಿನ ಹೆಸರಿರುತ್ತದೆ, ಮುಂದಿನ ವರ್ಷಗಳಲ್ಲಿ ಕಾಸಿನ ಹೆಸರೂ ಬಂತು. ಹೆಚ್ಚಿನವು ಪಟ್ಟಣದವು, ಅಂದರೆ ಶ್ರೀರಂಗಪಟ್ಟಣ. ಸುತ್ತಿನ ಹಳ್ಳಿಗಳಲ್ಲಿ ಜನ ಇವತ್ತಿಗೂ ಆ ಊರನ್ನು ಪಟ್ಣ ಅಂತಲೇ ಕರೆಯುತ್ತಾರೆ, ಕಾಸಿನ ಮೇಲಿರುವುದೂ ಅದೇ. ಬಿದನೂರಿನ ಕಾಸಿನ ಮೇಲೆ ನಗರ್ ಎಂದಿದೆ. 1763ರಲ್ಲಿ ಹೈದರಾಲಿ ಅದನ್ನು ಗೆದ್ದು ಹೈದರ್‌ನಗರ ಎಂದು ಕರೆದ, ಈಗ ಹೊಸನಗರ ತಾಲ್ಲೂಕಿನಲ್ಲಿ ಬರೀ ನಗರ ಎಂಬ ಹೆಸರಿನಲ್ಲಿ ಉಳಿದಿದೆ. ಬೆಂಗಳೂರು ಬೆಂಗಳೂರ್ ಆಗಿಯೇ ಇದೆ. ಚಿತ್ರದುರ್ಗಕ್ಕೆ ಫರ್ರುಖ್‌ಯಾಬ್ ಹಿಸಾರ್, ಧಾರವಾಡಕ್ಕೆ ಖುರ್ಷೇದ್ ಸವಾದ್. ಮೈಸೂರಿನ ಬಳಿಯ ಟಂಕಸಾಲೆಗೆ ನಜರ್‌ಬಾರ್, ಇವತ್ತಿನ ನಜರ್‌ಬಾದ್ ಬಡಾವಣೆಯ ಹೆಸರಿನಲ್ಲಿ ಅದರ ನೆನಪು ಉಳಿದಿದೆ. ಇನ್ನು ರಾಜ್ಯದ ಅಂಚಿನ ಊರುಗಳು: ಕಲ್ಲಿಕೋಟೆ, ಅದರ ಹತ್ತಿರದ ಫರ್ರುಖಿ, ದಿಂಡಿಗಲ್ಲಿನ ಖಾಲಿಕಾಬಾದ್.

ಈ ಅಂಚಿನ ಊರುಗಳ ಕಾಸು ಯಾಕೆ ಸಿಗುವುದಿಲ್ಲ ಅನ್ನುವುದಕ್ಕೆ ಉತ್ತರ 1792ರಲ್ಲಿದೆ. ಮೂರನೇ ಮೈಸೂರು ಯುದ್ಧ ಮುಗಿದು ಶ್ರೀರಂಗಪಟ್ಟಣದ ಒಪ್ಪಂದ ಆದಾಗ ಟಿಪ್ಪು ಹೆಚ್ಚುಕಡಿಮೆ ಅರ್ಧ ರಾಜ್ಯವನ್ನು ಬಿಟ್ಟುಕೊಡಬೇಕಾಯಿತು. ಮಲಬಾರು, ದಿಂಡಿಗಲ್ಲು, ಬಾರಾಮಹಲು ಈಸ್ಟ್ ಇಂಡಿಯಾ ಕಂಪನಿಯ ಪಾಲಾದವು. ಮೌಲೂದಿ ಲೆಕ್ಕ ಶುರುವಾಗಿ ಆಗ ಐದು ವರ್ಷ ಆಗಿತ್ತಷ್ಟೆ, ಆ ಊರುಗಳ ಸುತ್ತಿಗೆಗಳು ಅಲ್ಲಿಗೆ ನಿಂತವು. ಹೊಸ ಒಡೆಯರಿಗೆ ಈ ಕಾಸು ಬೇಕಿರಲಿಲ್ಲ. ಪಟ್ಟಣದ ಟಂಕಸಾಲೆ ಮಾತ್ರ 1799ರ ಮೇ ತಿಂಗಳಲ್ಲಿ ಕೋಟೆ ಬೀಳುವ ತನಕವೂ ಕೆಲಸ ಮಾಡಿತು. ಅಂಚಿನ ಟಂಕಸಾಲೆಯ, ಊರಿನ ಹೆಸರು ಓದಲು ಬರುವ, ಚಿಕ್ಕ ಅಳತೆಯ ಕಾಸು ಸಿಕ್ಕಿತು ಎಂದರೆ ನಮ್ಮ ಬಳಗದಲ್ಲಿ ಫೋನುಗಳು ಹೊಡೆದುಕೊಳ್ಳುತ್ತವೆ. ಚಿತ್ರ ಕಳಿಸಿ, ಹಿಂಭಾಗ ಕಳಿಸಿ, ತೂಕ ಎಷ್ಟು, ಅಂಚು ತೋರಿಸಿ. ಮದ್ರಾಸ್ ಸಂಗ್ರಹಾಲಯದ ಜೆ. ಆರ್. ಹೆಂಡರ್ಸನ್ ಹೈದರ್ ಮತ್ತು ಟಿಪ್ಪುವಿನ ನಾಣ್ಯಗಳನ್ನೆಲ್ಲ ಜೋಡಿಸಿ ಪಟ್ಟಿ ಪ್ರಕಟಿಸಿದ್ದು 1921ರಲ್ಲಿ. ಒಂದು ಕಾಸು ಕೈಗೆ ಬಂದರೆ ಇವತ್ತಿಗೂ ಮೊದಲು ನೋಡುವುದು ಅದು ಆ ಪಟ್ಟಿಯಲ್ಲಿದೆಯೋ ಇಲ್ಲವೋ ಎಂದೇ.

ಟಿಪ್ಪುವಿನೊಂದಿಗೆ ಆನೆ ಹೋಗಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಐದು ವರ್ಷದ ಹುಡುಗನಾಗಿ ಪಟ್ಟಕ್ಕೆ ಬಂದಾಗ ದಿವಾನ್ ಪೂರ್ಣಯ್ಯನವರು ತಾಮ್ರದ ಕಾಸಿನ ಆನೆಯನ್ನು ಹಾಗೇ ಉಳಿಸಿಕೊಂಡರು. ಸಂತೆಯ ಜನ ಆನೆ ನೋಡಿ ಕಾಸು ಗುರುತಿಸುತ್ತಿದ್ದರು, ಅದನ್ನು ಬದಲಿಸುವುದು ಜಾಣತನವಲ್ಲ ಎಂದು ಅವರಿಗೆ ತೋರಿರಬೇಕು. ನಿಧಾನವಾಗಿ ಕನ್ನಡ ಬಂತು. ಆನೆಯ ಮೇಲೆ "ಶ್ರೀ", ಆಮೇಲೆ "ಶ್ರೀ ಚಾಮುಂಡಿ". ಹಿಂಭಾಗದಲ್ಲಿ "ಮಯಿಲಿ ಕಾಸು ೨೦" ಎಂದು ಕನ್ನಡದಲ್ಲಿ, ಅದೇ ಬೆಲೆ ರೋಮನ್ ಅಂಕಿಯಲ್ಲಿ ಇಂಗ್ಲಿಷಿನಲ್ಲಿ, ಪರ್ಶಿಯನ್ನಿನಲ್ಲಿ ಮೈಸೂರು. ಒಂದು ಚಿಲ್ಲರೆ ಕಾಸಿನ ಮೇಲೆ ಮೂರು ಲಿಪಿ. ಕನ್ನಡ ಅಕ್ಷರಗಳು ಮೈದುಂಬಿಕೊಂಡು, ಸಲೀಸಾಗಿ ಬಿದ್ದಿರುತ್ತವೆ. ಇಂಗ್ಲಿಷಿನ ಅಕ್ಷರಗಳು ಮಾತ್ರ ಒಮ್ಮೊಮ್ಮೆ ಸೊಟ್ಟ, ಕೆತ್ತಿದವರ ಕೈಗೆ ಅವು ಹೊಸವು. ಕೊನೆಕೊನೆಗೆ ಆನೆಯ ಜಾಗಕ್ಕೆ ಚಾಮುಂಡಿಯ ಸಿಂಹ ಬಂದು ನಿಂತಿತು. 1831ರಲ್ಲಿ ಆಡಳಿತ ಬ್ರಿಟಿಷ್ ಕಮಿಷನರುಗಳ ಕೈಗೆ ಹೋಯಿತು, 1833ರಲ್ಲಿ ಟಂಕಸಾಲೆ ಬೆಂಗಳೂರಿಗೆ ಬಂತು, 1843ರಲ್ಲಿ ಮುಚ್ಚಿತು. ಮೈಸೂರಿನ ಕಾಸು ಕುಲುಮೆಯ ಕಡೆ ಹೊರಟಿದ್ದು ಅಲ್ಲಿಂದಾಚೆಗೆ.

ನಮ್ಮ ಕಾಲದಲ್ಲೂ ಇದೇ ನಡೆದಿದೆ, ನಮ್ಮ ಕಣ್ಣೆದುರೇ. 1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ನಯಾಪೈಸೆ ಆಯಿತು, 1964ರಲ್ಲಿ "ನಯಾ" ಬಿದ್ದುಹೋಯಿತು, 1965ರಿಂದ ಒಂದು ಪೈಸೆ ಅಲ್ಯೂಮಿನಿಯಮ್ಮಿನ ಚೌಕ ಬಿಲ್ಲೆಯಾಯಿತು. ಅದರ ತೂಕ ಮುಕ್ಕಾಲು ಗ್ರಾಂ, ನನ್ನ ಕುತ್ಬ್‌ನ ಅರ್ಧ. 2011ರ ಜೂನ್ 30ರಿಂದ 25 ಪೈಸೆ ಮತ್ತು ಅದಕ್ಕಿಂತ ಕಡಿಮೆಯವೆಲ್ಲ ಚಲಾವಣೆಯಿಂದ ಹೋದವು. ನೋಡುತ್ತಿರಿ, ಹೊಳಪು ಮಾಸದ ಒಂದು ಪೈಸೆಯನ್ನು ನಮ್ಮ ಮೊಮ್ಮಕ್ಕಳು ಹುಡುಕಿಕೊಂಡು ಅಲೆಯುತ್ತಾರೆ.

ಆದರೆ ಹಳೇ ಪೈಸೆ ಇಟ್ಟುಕೊಂಡು ಲಕ್ಷಾಧಿಪತಿಗಳಾಗಬಹುದು ಎಂದು ಫೋನಿಗೆ ಬರುವ ವಿಡಿಯೋಗಳನ್ನು ದಯವಿಟ್ಟು ನಂಬಬೇಡಿ. ಕಮಿಷನ್ ಕಟ್ಟಿ, ತೆರಿಗೆ ಕಟ್ಟಿ, ಆಮೇಲೆ ನಿಮ್ಮ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ ಎನ್ನುವವರು ಮೋಸಗಾರರು. ರಿಸರ್ವ್ ಬ್ಯಾಂಕಿನ ಹೆಸರನ್ನೇ ಬಳಸಿ ಇಂಥ ವಸೂಲಿ ನಡೆದದ್ದರಿಂದ 2021ರ ಆಗಸ್ಟ್‌ನಲ್ಲಿ ಬ್ಯಾಂಕೇ ಎಚ್ಚರಿಕೆ ಹೊರಡಿಸಿತು. ತಾನು ಹಳೇ ನೋಟು ನಾಣ್ಯಗಳ ವ್ಯಾಪಾರದಲ್ಲಿ ಇಲ್ಲ, ಯಾರಿಗೂ ಹಾಗೆ ಹಣ ವಸೂಲಿ ಮಾಡಲು ಅಧಿಕಾರ ಕೊಟ್ಟಿಲ್ಲ ಎಂದು ಸ್ಪಷ್ಟವಾಗಿ ಹೇಳಿತು. ಬಡವರ ಮನೆಯ ಆಸೆಯನ್ನು ಹೀಗೆ ದೋಚುವುದನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ನಕಲಿಗಳ ಕಾಟವೂ ಇದೆ. ಪ್ರವಾಸಿಗಳು ಹೆಚ್ಚು ಬರುವ ಜಾಗಗಳಲ್ಲಿ "ಟಿಪ್ಪು ಕಾಸು, ನದೀಲಿ ಸಿಕ್ಕಿದ್ದು" ಎಂದು ಕೈಗಿಡುವ ಜೋಡಿ ಪೈಸೆಗಳಲ್ಲಿ ಬಹಳಷ್ಟು ಎರಕ ಹೊಯ್ದವು. ಎರಕದ್ದನ್ನು ಗುರುತಿಸಲು ಅಂಚು ನೋಡಬೇಕು. ಸುತ್ತಿಗೆ ಏಟು ತಿಂದ ಬಿಲ್ಲೆಯ ಅಂಚಿನಲ್ಲಿ ಲೋಹ ಹಿಗ್ಗಿ ಸೀಳಿದ ಸಣ್ಣ ಬಿರುಕುಗಳಿರುತ್ತವೆ. ಎರಕದ್ದಕ್ಕೆ ಎರಡು ಅರೆ ಅಚ್ಚು ಕೂಡಿದ ಗೆರೆ ಇರುತ್ತದೆ, ಅಥವಾ ಅದನ್ನು ಅರದಿಂದ ಉಜ್ಜಿದ ಗುರುತಿರುತ್ತದೆ. ಮೈಮೇಲೆ ಗಾಳಿಗುಳ್ಳೆಯ ಗುಳಿಗಳು, ಅಕ್ಷರಗಳ ಅಂಚು ಕರಗಿದ ಸಾಬೂನಿನಂತೆ ಮೊಂಡು. ತೂಕವೂ ಸಾಮಾನ್ಯವಾಗಿ ತಪ್ಪಿರುತ್ತದೆ. ಚಿಕ್ಕ ಕಾಸಿನ ಬೆನ್ನು ಹತ್ತಿದವರಿಗೆ ಇಲ್ಲೊಂದು ಅನುಕೂಲ. ಅರೆಕಾಲು ಪೈಸೆಯ ನಕಲು ಮಾಡುವ ಶ್ರಮಕ್ಕೆ ತಕ್ಕ ಲಾಭವಿಲ್ಲ, ಹಾಗಾಗಿ ಮಾಡುವವರೂ ಅಪರೂಪ.

ನಕಲಿಗಿಂತ ಹೆಚ್ಚು ಕಾಸುಗಳನ್ನು ಹಾಳುಮಾಡಿದ್ದು ನಮ್ಮ ಹುಣಸೆಹಣ್ಣು. ತಾಮ್ರ ಕಂಡರೆ ಹುಣಸೆಹುಳಿ ಹಚ್ಚಿ ತಿಕ್ಕುವುದು ನಮ್ಮ ಕೈಗೆ ಬಂದ ಅಭ್ಯಾಸ. ಪಾತ್ರೆಗೆ ಅದು ಸರಿ, ಕಾಸಿಗೆ ಮಾರಕ. ಇನ್ನೂರು ವರ್ಷದಲ್ಲಿ ತಾಮ್ರದ ಮೇಲೆ ಕಟ್ಟಿದ ಕಂದು, ಕೆಂಗಂದು, ಹಸಿರು ಪದರವೇ ಅದರ ಚರ್ಮ. ಎಷ್ಟೋ ಸಲ ಆನೆಯ ಕಿವಿ, ಅಂಕಿಯ ತುದಿ, ಅಕ್ಷರದ ಚುಕ್ಕೆ ಉಳಿದಿರುವುದು ಆ ಪದರದಲ್ಲೇ. ಹುಳಿ ಹಾಕಿದ ಮರುಕ್ಷಣ ಕಾಸು ಗುಲಾಬಿ ಬಣ್ಣಕ್ಕೆ ತಿರುಗಿ ಹೊಸದಾಗಿ ಹೊಳೆಯುತ್ತದೆ, ಜೊತೆಗೆ ಆ ಗೆರೆಗಳೆಲ್ಲ ತೊಳೆದುಹೋಗುತ್ತವೆ. ಹೊಳೆಯುವ ಕುತ್ಬ್ ಒಂದನ್ನು ವ್ಯಾಪಾರಿಯೊಬ್ಬರು ಬಹಳ ಪ್ರೀತಿಯಿಂದ ನನಗೆಂದೇ ತೊಳೆದು ತಂದಿದ್ದರು. ಆನೆಯ ಜಾಗದಲ್ಲಿ ಒಂದು ಉಬ್ಬು ಮಾತ್ರ ಉಳಿದಿತ್ತು. ನಾನು ಕೊಂಡೆ, ದುಃಖಪಟ್ಟುಕೊಂಡೇ ಕೊಂಡೆ. ಈಗ ಅವರು ತೊಳೆಯುವುದಿಲ್ಲ.

ಮಣ್ಣು ಮೆತ್ತಿದ್ದರೆ ಡಿಸ್ಟಿಲ್ಡ್ ನೀರಿನಲ್ಲಿ ದಿನಗಟ್ಟಲೆ ನೆನೆಹಾಕಿ, ನೀರು ಬದಲಿಸುತ್ತಾ, ಮೆತ್ತಗಿನ ಬ್ರಷ್ಷಿನಿಂದ ಸವರಿದರೆ ಸಾಕು. ಗಟ್ಟಿಯಾಗಿ ಅಂಟಿಕೊಂಡ ಹಸಿರು ಇರಲಿ ಬಿಡಿ. ತಿಳಿ ಹಸಿರು ಪುಡಿ ಉದುರುತ್ತಿದ್ದರೆ ಮಾತ್ರ ಅದು ರೋಗ. ತಾಮ್ರದೊಳಗೆ ಸೇರಿದ ಕ್ಲೋರೈಡು ತೇವ ಸಿಕ್ಕಾಗಲೆಲ್ಲ ಲೋಹವನ್ನು ತಿನ್ನುತ್ತಾ ಹೋಗುತ್ತದೆ. ಅಂಥ ಕಾಸನ್ನು ಬೇರೆ ಇಡಬೇಕು, ಒಣ ಜಾಗದಲ್ಲಿ. ಇನ್ನೊಂದು ಮಾತು. ಅಗ್ಗದ ಪಿವಿಸಿ ಆಲ್ಬಮ್ಮುಗಳು ಬೇಡ. ಕೆಲವೇ ವರ್ಷಗಳಲ್ಲಿ ಆ ಪ್ಲಾಸ್ಟಿಕ್ಕು ಬೆವರಿ, ಕಾಸಿನ ಮೇಲೆ ಹಸಿರು ಜಿಗುಟು ಕಟ್ಟುತ್ತದೆ. ನಾನು ಆಮ್ಲವಿಲ್ಲದ ಕಾಗದದ ಚಿಕ್ಕ ಲಕೋಟೆಗಳನ್ನು ಬಳಸುತ್ತೇನೆ. ಲಕೋಟೆಯ ಮೇಲೆ ತೂಕ, ಅಗಲ, ಎಲ್ಲಿ ಯಾರಿಂದ ಸಿಕ್ಕಿತು, ಅವರು ಯಾವ ಊರಿನಿಂದ ಬಂತು ಅಂದರು, ಎಲ್ಲ ಬರೆಯುತ್ತೇನೆ. ಕಾಸು ಬಂದ ಊರು ಗೊತ್ತಿದ್ದರೆ ಅದು ಎಲ್ಲಿಯವರೆಗೆ ಓಡಾಡುತ್ತಿತ್ತು ಎಂಬುದು ತಿಳಿಯುತ್ತದೆ. ಬಿದನೂರಿನ ಟಂಕಸಾಲೆಯ ಕಾಸು ಘಟ್ಟ ಇಳಿದು ಕರಾವಳಿಯ ಸಂತೆಗೆ ಹೋಗಿತ್ತೇ? ಇಂಥ ಪ್ರಶ್ನೆಗೆ ಉತ್ತರ ಕೊಡಬಲ್ಲದ್ದು ಹೀಗೆ ಬರೆದಿಟ್ಟ ಲಕೋಟೆಗಳು ಮಾತ್ರ.

ಕಾಯಿದೆಯ ವಿಷಯವನ್ನೂ ಹೇಳಿಬಿಡುತ್ತೇನೆ. ನೂರು ವರ್ಷ ದಾಟಿದ ನಾಣ್ಯ 1972ರ ಪುರಾತನ ವಸ್ತುಗಳ ಕಾಯಿದೆಯ ಅಡಿ ಬರುತ್ತದೆ. ದೇಶದೊಳಗೆ ಸಂಗ್ರಹಿಸಬಹುದು, ಹೊರಗೆ ಕಳಿಸುವ ಹಾಗಿಲ್ಲ. ಹೊಲ ಉಳುವಾಗಲೋ ಪಾಯ ತೋಡುವಾಗಲೋ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕು. ಗಡಿಗೆಯಲ್ಲಿ ಒಟ್ಟಿಗೆ ಸಿಕ್ಕ ಕಾಸುಗಳನ್ನು ಹಂಚಿಬಿಟ್ಟರೆ, ಯಾವ ಇಸವಿಯವು ಯಾವುದರ ಜೊತೆ ಇದ್ದವು ಎನ್ನುವ ಮಾಹಿತಿ ಮತ್ತೆ ಎಂದೂ ಸಿಗುವುದಿಲ್ಲ. ಅಂಥ ಗಡಿಗೆಯ ಕಾಸು ಎಂದು ಗೊತ್ತಾದರೆ ನಾನು ಕೊಳ್ಳುವುದಿಲ್ಲ, ಎಷ್ಟೇ ಚೆಂದವಿರಲಿ.

ಸದ್ಯ ನಾನು ಹುಡುಕುತ್ತಿರುವುದು ಬೆಂಗಳೂರಿನ ಟಂಕಸಾಲೆಯ ಚಿಕ್ಕ ಕಾಸು, ಕಾಲು ಪೈಸೆ ಅಥವಾ ಅದಕ್ಕಿಂತ ಚಿಕ್ಕದು, ಊರಿನ ಹೆಸರು ಅರ್ಧವಾದರೂ ಓದಲು ಬರಬೇಕು. ಬೆಂಗಳೂರಿನ ಕೋಟೆ 1791ರ ಮಾರ್ಚ್‌ನಲ್ಲಿ ಬ್ರಿಟಿಷರ ಕಾರ್ನ್‌ವಾಲಿಸನ ಸೈನ್ಯಕ್ಕೆ ಬಿತ್ತು. ಅದಕ್ಕೆ ಮುಂಚಿನ ಮೂರ್ನಾಲ್ಕು ವರ್ಷಗಳ ಮೌಲೂದಿ ಇಸವಿಯ ಚಿಲ್ಲರೆ ಕಾಸು ಇಲ್ಲಿನ ಪೇಟೆಗಳಲ್ಲೇ ಓಡಾಡಿರಬೇಕು. ಚಿಕ್ಕಪೇಟೆ, ಬಳೇಪೇಟೆ, ಅರಳೇಪೇಟೆಯ ಹಳೇ ಮನೆಗಳಲ್ಲಿ ಅಜ್ಜಿಯ ಕುಂಕುಮದ ಭರಣಿಯೊಳಗೆ, ದೇವರ ಪೆಟ್ಟಿಗೆಯ ತಳದಲ್ಲಿ ಒಂದೆರಡು ಉಳಿದಿದ್ದರೂ ಉಳಿದಿರಬಹುದು. ನಿಮ್ಮ ಮನೆಯಲ್ಲಿ ಅಂಥದ್ದೇನಾದರೂ ಕಂಡರೆ ತೊಳೆಯಲು ಹೋಗಬೇಡಿ. ಕಿಟಕಿಯ ಬೆಳಕಿನಲ್ಲಿ ಎರಡೂ ಬದಿಯ ಚಿತ್ರ ತೆಗೆಯಿರಿ, ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಿ, ಯಾರ ಕಾಲದಿಂದ ಮನೆಯಲ್ಲಿದೆ ಎಂದು ಹಿರಿಯರನ್ನು ಕೇಳಿ ಅದನ್ನೂ ಬರೆದಿಡಿ. ಮಾರಬೇಕೆಂದೇನೂ ಇಲ್ಲ. ಆ ಆನೆ ಯಾವ ಕಡೆಗೆ ಮುಖ ಮಾಡಿದೆ, ಅದರ ಮೇಲೆ ಯಾವ ಅಂಕಿ ಉಳಿದಿದೆ ಎಂದು ತಿಳಿಸಿದರೂ ನನ್ನ ಹಾಳೆಯಲ್ಲಿ ಅರ್ಧಕ್ಕೆ ನಿಂತಿರುವ ಬೆಂಗಳೂರಿನ ಅಚ್ಚಿಗೆ ಇನ್ನೊಂದಿಷ್ಟು ಗೆರೆ ಸೇರಿಸಬಹುದು.